ಪಿಂಕ್ ಫ್ಲಾಯ್ಡ್: ಕಾಕನ ಲೆಕ್ಕ, ನನ್ನ ಲೆಕ್ಕ

ಪಿಂಕ್ ಫ್ಲಾಯ್ಡ್ ಆಲ್ಬಂಗಳಲ್ಲಿ ಒಂದನೇ ಸ್ಥಾನ ಯಾವುದಕ್ಕೆ ಎಂಬ ವಾದ ನನಗೂ ಕಾಕನಿಗೂ 20 ವರ್ಷದಿಂದ ಮುಗಿದಿಲ್ಲ. ಕಾಕ ಇರುವುದು ಜುಬೈಲಿನಲ್ಲಿ. ನಾನೀಗ ಆದೋನಿ ಕಡೆಯ ಕೌತಾಳಂನಲ್ಲಿ, ಹತ್ತಿ ಖರೀದಿಯ ಕೆಲಸ. ಇಲ್ಲಿಯವರ ಕನ್ನಡದಲ್ಲಿ ತೆಲುಗು, ತೆಲುಗಿನಲ್ಲಿ ಕನ್ನಡ. ನಮ್ಮ ಬ್ಯಾರಿ ಮಾತು ಆಡಬೇಕಾದರೆ ಫೋನೇ ಗತಿ.

ಕಾಕನ ಮೊದಲನೆಯದು 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಅವರ ವಾದ ಬಲವಾದದ್ದೇ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರ ಹೊತ್ತಿಗೆ ಅದು 741 ವಾರ ಕಂಡಿತ್ತು. ‘ಟೈಮ್’ ಹಾಡಿನ ಶುರುವಿಗೆ ಗಡಿಯಾರಗಳೆಲ್ಲ ಒಟ್ಟಿಗೆ ಬಡಿಯುತ್ತವಲ್ಲ, ಶಿಫ್ಟಿನಲ್ಲಿ ದುಡಿದವನಿಗೆ ಅದು ಬೇರೆಯೇ ತಾಗುತ್ತದೆ ಅಂತಾರೆ. ನನಗೆ ಅದು ಮೂರನೆಯದು. ಸ್ವಲ್ಪ ಜಾಸ್ತಿ ನುಣುಪು.

ನನ್ನ ಮೊದಲನೆಯದು 1977ರ ‘ಅನಿಮಲ್ಸ್’. ನಾಯಿ, ಹಂದಿ, ಕುರಿ ಎಂದು ಮೂರು ಉದ್ದ ಹಾಡು, ಶುರುವಿಗೊಂದು ಕೊನೆಗೊಂದು ಪುಟ್ಟದ್ದು. ಹಿಂದೆ ಆರ್ವೆಲ್‌ನ ‘ಅನಿಮಲ್ ಫಾರ್ಮ್’ನ ನೆರಳಿದೆ. ಮುಖಪುಟದಲ್ಲಿ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರ, ಅದರ ಚಿಮಣಿಗಳ ನಡುವೆ ಹಾರುವ ಹಂದಿ! ಕಾಕ ಬೊಂಬಾಯಿಯಲ್ಲಿ ಇಳಿದಾಗ ತಂದ ಆ ಕ್ಯಾಸೆಟ್ಟು ಉಮ್ಮನ ಕಣ್ಣಿಗೆ ಬೀಳದ ಹಾಗೆ ವರ್ಷಗಟ್ಟಲೆ ಅಕ್ಕಿ ಡಬ್ಬದ ಹಿಂದೆ ಇತ್ತು. ತೇವಾಂಶ ಅಂತ ತೂಕದಲ್ಲಿ ಕಡಿತ ಹೇಳಿದಾಗ ಹತ್ತಿ ತಂದ ರೈತ ಮಾತಿಲ್ಲದೆ ನಿಲ್ಲುವುದನ್ನು ದಿನಾ ನೋಡುವವನಿಗೆ ಅದು ಇಂಗ್ಲೆಂಡಿನ ಆಲ್ಬಂ ಅನಿಸುವುದಿಲ್ಲ. ಮೂರನೇ ಉದ್ದ ಹಾಡಿನಲ್ಲಿ ಕುರಿಗಳು ತಿರುಗಿ ಬೀಳುತ್ತವೆ.

ನಾಲ್ಕನೆಯದು ‘ಮೆಡಲ್’, 1971ರದ್ದು. ಅದರ ‘ಎಕೋಸ್’ 23 ನಿಮಿಷಕ್ಕೂ ಉದ್ದ. ರಾತ್ರಿಯಿಡೀ ದಫ್ ಕೇಳಿ ಬೆಳೆದ ನಮಗೆ ಅದೇನು ಮಹಾ. 1979ರ ‘ದ ವಾಲ್’ ಐದನೆಯದು. ಎರಡು ರೆಕಾರ್ಡಿನಲ್ಲಿ ಒಂದು ಸಾಕಿತ್ತು.

ಎರಡನೆಯದನ್ನು ಬಿಟ್ಟೆ. 1975ರ ‘ವಿಶ್ ಯು ವರ್ ಹಿಯರ್’, ನೀನು ಇಲ್ಲಿರಬೇಕಿತ್ತು ಅಂತ ಅರ್ಥ. ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬನಾದ ಸಿಡ್ ಬ್ಯಾರೆಟ್ ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲೇ ಹೊರಬಿದ್ದಿದ್ದ. ಆ ಆಲ್ಬಂ ಅವನ ನೆನಪಿನದ್ದು. ಅದರ ಕೆಲಸ ನಡೆಯುತ್ತಿದ್ದಾಗ ತಲೆ, ಹುಬ್ಬು ಬೋಳಿಸಿಕೊಂಡು, ದಪ್ಪವಾಗಿ ಅವನೇ ಆ್ಯಬಿ ರೋಡ್ ಸ್ಟುಡಿಯೋಗೆ ಬಂದ. ಜೊತೆಗೆ ನುಡಿಸಿದವರಿಗೇ ಗುರುತು ಸಿಗಲಿಲ್ಲ. ನಾಲ್ಕು ವರ್ಷದ ನಂತರ ರಜೆಗೆ ಬಂದ ಕಾಕನನ್ನು ನೋಡಿ ಅವರ ಸ್ವಂತ ಮಗಳು ಉಮ್ಮನ ಹಿಂದೆ ಅಡಗಿದ್ದು ನನಗೆ ನೆನಪಿದೆ. ಗಲ್ಫಿನ ಮನೆಗಳಲ್ಲಿ ಇದು ಹೊಸತೇನಲ್ಲ.

ಉಮ್ಮ ತೀರಿಕೊಂಡಾಗ, ಎಕ್ಸಿಟ್ ರೀ-ಎಂಟ್ರಿ ಆಗಿ ಟಿಕೆಟ್ ಸಿಗುವಷ್ಟರಲ್ಲಿ ಇಲ್ಲಿ ದಫನ್ ಮುಗಿದಿತ್ತು. ಕಾಕ ಮೂರನೇ ದಿನ ಬಂದರು. ಅದರ ನಂತರ ಅವರು ಆ ಆಲ್ಬಂ ಹಾಕಿದ್ದನ್ನು ನಾನು ಕಂಡಿಲ್ಲ. ಊರಿಗೆ ಬಂದಾಗ ಕಾರಿನಲ್ಲಿ ಅದರ ಹಾಡು ಬಂದರೂ ಕೈ ತಾನಾಗಿ ಮುಂದಿನದಕ್ಕೆ ಹೋಗುತ್ತದೆ.

ನಿನ್ನ ಎರಡನೆಯದು ಯಾವುದು ಮಾರಾಯಾ ಎಂದು ಈಗಲೂ ಕೇಳುತ್ತಾರೆ. ಇನ್ನೂ ನಿರ್ಧಾರ ಆಗಿಲ್ಲ ಕಾಕ, ಅನ್ನುತ್ತೇನೆ.