ಗ್ರಾಮಫೋನಿನ ಗುಂಜಾರವ

ಸಂಗೀತಪ್ರಿಯರಾದ ಗೃಹಸ್ಥರಿಗೆ ಹಳೆಯ ಗ್ರಾಮಫೋನು ತಟ್ಟೆಗಳೆಂದರೆ ಮನೆಯ ಒಡವೆಗಳಿದ್ದಂತೆಯೇ ಸರಿ. ನಮ್ಮಲ್ಲಿಯೂ ಅಂಥವು ಕೆಲವು ಇರುವವು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರಕ್ಕಾಗಿ ಹಾಡಿದ ತಟ್ಟೆಯೊಂದು ನನ್ನ ಪತ್ನಿಯ ತವರಿನಿಂದ ಬಂದದ್ದು. ಆಕೆಯ ತವರೂ ಬೀಳಗಿಯೇ. ನಿಮಿಷಕ್ಕೆ 78 ಸುತ್ತು ತಿರುಗುವ ಈ ತಟ್ಟೆಗಳ ಸಲುವಾಗಿ, ಅಗಲ ಮೊನೆಯ ಸೂಜಿಯುಳ್ಳ ಟರ್ನ್‌ಟೇಬಲ್ಲನ್ನು ನಿವೃತ್ತನಾದ ಬಳಿಕ ಕೊಂಡೆನು. ಆದರೆ ಹಾಡಿಗಿಂತ ಮೊದಲೇ ದುಂಬಿಯು ಕಿವಿಯನ್ನು ಹೊಕ್ಕಂತೆ ‘ಗುಂಯ್’ ಎಂಬ ಸದ್ದು ಏಳುತ್ತಿದ್ದಿತು. ಎರಡು ದಿನ ಸಹಿಸಿ ಆಕೆಯು, “ನಮ್ಮವ್ವ ಕೇಳತಿದ್ದ ಹಾಡು ಇದಲ್ರಿ, ಬಂದ್ ಮಾಡ್ರಿ” ಎಂದಳು.

ಯಂತ್ರ ಬಲ್ಲವರೊಬ್ಬರು ಆಂಪ್ಲಿಫೈಯರನ್ನೇ ಬದಲಿಸಬೇಕೆಂದರು. ನಿವೃತ್ತಿವೇತನದಲ್ಲಿ ಬಾಳುವವನು ಇಂಥ ಮಾತನ್ನು ಪರೀಕ್ಷಿಸದೆ ಒಪ್ಪಲಾರನು. ನೈಯಾಯಿಕರ ಅನ್ವಯ-ವ್ಯತಿರೇಕವನ್ನೇ ಹಿಡಿದೆನು: ಯಾವುದು ಇದ್ದರೆ ಸದ್ದು ಇರುವದೋ, ಇಲ್ಲದಿದ್ದರೆ ಇರದೋ, ಅದೇ ಕಾರಣವು. ಸೂಜಿಯನ್ನು ಮೇಲೆತ್ತಿದೆನು, ಸದ್ದು ಇದ್ದೇ ಇದ್ದಿತು. ಅಂದಮೇಲೆ ತಟ್ಟೆಯು ನಿರ್ದೋಷಿ. ಅದೇ ಆಂಪ್ಲಿಫೈಯರಿನಲ್ಲಿ ರೇಡಿಯೋ ಕೇಳಿದೆನು, ಸದ್ದಿಲ್ಲ. ಸೂಜಿಯ ತೋಳಿನ ಲೋಹವನ್ನು ಬೆರಳಿನಿಂದ ಮುಟ್ಟಲು ಸದ್ದು ಕುಗ್ಗಿತು. ಗುಟ್ಟು ಹೊರಬಿದ್ದದ್ದು ಇಲ್ಲಿಯೇ.

ಸೂಜಿಯು ಹುಟ್ಟಿಸುವ ವಿದ್ಯುತ್ತು ಅತ್ಯಲ್ಪವಾದದ್ದು, ಒಂದು ವೋಲ್ಟಿನ ಸಾವಿರದಲ್ಲಿ ಐದು ಪಾಲಿನಷ್ಟು. ಅದನ್ನು ಮೊದಲಿಗೇ ಸುಮಾರು ನೂರು ಪಟ್ಟು ಹಿಗ್ಗಿಸಬೇಕಾಗುವದು. ತಟ್ಟೆ ಕೊರೆಯುವಾಗ ಮಂದ್ರಸ್ವರಗಳನ್ನು ಕುಗ್ಗಿಸಿರುವರಾದ್ದರಿಂದ, ನುಡಿಸುವಾಗ ಅವನ್ನು ಇನ್ನೂ ಹೆಚ್ಚಾಗಿ ಎತ್ತಬೇಕು. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗಾಡುವಂಥದು. ಆ ತೂಗಾಟವು ಮಂದ್ರದಲ್ಲಿಯೇ ಬೀಳುವದು. ಹೀಗಾಗಿ ಒಳನುಸುಳಿದ ಕಳ್ಳನಿಗೆ ಮೊದಲ ಮಣೆ!

ತೋಳಿನಿಂದ ಹೊರಟ ಸಣ್ಣ ಅರ್ಥ್ ತಂತಿಯು ಆಂಪ್ಲಿಫೈಯರಿನ ಹಿಂದಿನ ಸ್ಕ್ರೂವಿಗೆ ಕೂಡಿರಬೇಕು. ನೋಡಲು, ಕೂಡಿದಂತೆಯೇ ಕಾಣುತ್ತಿದ್ದಿತು. ಆದರೆ ತುದಿಯಲ್ಲಿ ಕಿಲುಬು. ಎಲ್ಲವನ್ನೂ ಆರಿಸಿ, ಕೆರೆದು, ಬಿಗಿದೆನು. ಸದ್ದು ಮುಕ್ಕಾಲು ಪಾಲು ಅಡಗಿತು. ಉಳಿದದ್ದು ಆಂಪ್ಲಿಫೈಯರಿನೊಳಗಿನ ಟ್ರಾನ್ಸ್‌ಫಾರ್ಮರಿನ ನೆರೆಹೊರೆಯಿಂದ. ಎರಡನ್ನೂ ಎರಡು ಮೊಳ ದೂರ ಸರಿಸಲು ಅದೂ ಹೋಯಿತು. ಅಂದು ಆಕೆಯು ಅದೇ ತಟ್ಟೆಯನ್ನು ಮೂರು ಸಲ ಹಾಕಿಸಿದಳು. ಹಳೆಯ ತಟ್ಟೆಯ ಚರಚರ ಸದ್ದಿಗೆ ಮಾತ್ರ ಆಕೆಯ ತಕರಾರಿಲ್ಲ.

ಇದಕ್ಕೂ ಮೊದಲು ತಂಗಿಯ ಮಗನು, “ಮಾಮಾ, ಪ್ಲಗ್ಗಿನ ಮೂರನೇ ವಾಯರ್ ಕಿತ್ತಬಿಡ್ರಿ, ಸದ್ದ ನಿಲ್ತದ” ಎಂದಿದ್ದನು. “ಬ್ಯಾಡಪಾ, ಅದರ ಗೊಡವಿಗೆ ಹೋಗಬ್ಯಾಡ” ಎಂದೆನು. ಎರಡು ಯಂತ್ರಗಳು ಬೇರೆ ಬೇರೆ ದಾರಿಗಳಿಂದ ನೆಲಕ್ಕೆ ಕೂಡಿದಲ್ಲಿ ಗುಂಜಾರವ ಹುಟ್ಟುವದುಂಟು. ಆ ತಂತಿಯನ್ನು ಕಿತ್ತರೆ ನಿಲ್ಲುವದೂ ಉಂಟು. ಆದರೆ ಲೋಹದ ಪೆಟ್ಟಿಗೆಗೆ ಎಂದಾದರೂ ವಿದ್ಯುತ್ತು ತಗಲಿದರೆ, ಅದು ನೆಲಕ್ಕಿಳಿಯಲು ಮುಟ್ಟಿದವರ ದೇಹವೇ ದಾರಿಯಾಗುವದು. ಎರಡನ್ನೂ ಒಂದೇ ಬೋರ್ಡಿಗೆ ಜೋಡಿಸಿ ನೋಡುವದು ಲೇಸು. ನಮ್ಮ ಜಮಖಂಡಿಯ ಬೇಸಿಗೆಯಲ್ಲಿ ನೆಲವು ಒಣಗಿ ಬಿರಿಯುವದರಿಂದ, ಇದ್ದಲು-ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಆಗಾಗ ಒಂದು ಕೊಡ ನೀರನ್ನೂ ಹಾಕಿಸುತ್ತಿರುವೆನು.