‘ಉನ್ನಾ ಸಾರ್’

ಬೆಂಗಳೂರಿನ ಒಂದು ವಾರ್ಡಿನಲ್ಲಿ ಪೌರಕಾರ್ಮಿಕರ ಹಾಜರಿ ಬರೆಯುವ ಗುಮಾಸ್ತನಾಗಿ ನಾನು ಸೇರಿದ್ದು 1981ರಲ್ಲಿ. ನಸುಕಿಗೇ ಮೇಸ್ತ್ರಿ ಹೆಸರು ಕೂಗುತ್ತಿದ್ದ. ಸಾಲಿನಿಂದ ‘ಉನ್ನಾ ಸಾರ್’, ಇದ್ದೇನೆ ಎಂಬ ಉತ್ತರ. ನಲವತ್ತು ಹೆಸರಿದ್ದರೆ ಮೂವತ್ತೈದು ತೆಲುಗು ಮನೆಯವು. ಅನಂತಪುರ, ಚಿತ್ತೂರಿನ ಕಡೆಯಿಂದ ಅಜ್ಜಂದಿರ ಕಾಲಕ್ಕೇ ಬಂದ ಮಾದಿಗರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ ಬಸವಲಿಂಗಪ್ಪನವರ ಹೆಸರೆತ್ತಿದರೆ ಹಿರಿಯರು ಕೈ ಮುಗಿಯುತ್ತಿದ್ದರು.

ಕಚೇರಿಯ ಮಹಡಿಯ ಮೇಲಿನ ಲೋಕವೇ ಬೇರೆ. ಟೀ ಹೊತ್ತಿಗೆ ಅಲ್ಲಿ ಒಂದೇ ಮಾತು: ರೋಸ್ಟರು, ಪ್ರಮೋಷನ್ನು, ಹೊಸ ಸಾಹೇಬರು ಯಾವ ಪೈಕಿ. ಮೊದಲಿಂದ ಬ್ರಾಹ್ಮಣರು, ಲಿಂಗಾಯತರು, ಒಕ್ಕಲಿಗರು. 1975ರ ಹಾವನೂರು ವರದಿಯ ನಂತರ ಹಿಂದುಳಿದವರೂ ಕುರ್ಚಿಗೆ ಬಂದರು. ಎಲ್ಲರಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ. ಒಂದರಲ್ಲಿ ಮಾತ್ರ ಒಮ್ಮತವಿತ್ತು: ಕೆಳಗಿನ ಸಾಲಿನ ಅಕ್ಕಯ್ಯ ಗುಡಿಸಿ ಬಂದು ಟೀ ಕೇಳಿದರೆ ಅವಳಿಗೆ ಕಿಟಕಿಯ ಮೇಲಿನ ಬೇರೆ ಲೋಟ. ನಾನೂ ಅದರಲ್ಲೇ ಸುರಿದು ಕೊಟ್ಟಿದ್ದೇನೆ.

ಆಮೇಲಾಮೇಲೆ ‘ಮಹಿಷಿ ವರದಿ ಜಾರಿಯಾಗಲಿ’ ಎಂಬ ಕೂಗು ನಮ್ಮ ಕಿಟಕಿಗೂ ಕೇಳಿಸುತ್ತಿತ್ತು. ಕನ್ನಡಿಗರಿಗೆ ಉದ್ಯೋಗ ಕೊಡಿ, ಸರಿಯೇ. ಪೊರಕೆಯನ್ನೂ ಕೊಡಿ ಎಂದು ಕೂಗಿದವರನ್ನು ನಾನು ಕಾಣೆ.

ತೊಂಬತ್ತರ ದಶಕದಲ್ಲಿ ಗುತ್ತಿಗೆ ಬಂತು, ಹಾಜರಿ ಪುಸ್ತಕ ಗುತ್ತಿಗೆದಾರನ ಬಗಲಿಗೆ ಸೇರಿತು. ಅವನಿಗೆ ಭಾಷೆ ಯಾವುದಾದರೇನು, ಕೂಲಿ ಕಡಿಮೆಯಿದ್ದರೆ ಸಾಕು. ರಾಯಚೂರು, ಕಲಬುರ್ಗಿ ಕಡೆಯ ಹೆಣ್ಣುಮಕ್ಕಳು ಬಂದರು. ಸಾಲಿನಲ್ಲಿ ‘ಅದೀನ್ರಿ’ ಕೂಡ ಕೇಳತೊಡಗಿತು. ‘ಅವರು ಬಂದು ನಮ್ಮ ಕೂಲಿ ಕೆಡಿಸಿದರು’ ಎಂದು ಅಕ್ಕಯ್ಯ ಗೊಣಗುತ್ತಿದ್ದಳು; ಅವರ ಗೊಣಗಾಟವೂ ಅದೇ. ಮೂರು ತಿಂಗಳ ಸಂಬಳ ಇಬ್ಬರಿಗೂ ಬಾಕಿ.

2017ರಲ್ಲಿ ಗುತ್ತಿಗೆ ತೆಗೆದು ನೇರ ಸಂಬಳವಾಯಿತು. ಹಾಜರಿಗೆ ಹೆಬ್ಬೆರಳಿನ ಯಂತ್ರ. ಪೊರಕೆ ಹಿಡಿದು ಗೆರೆ ಸವೆದ ಅಕ್ಕಯ್ಯನ ಬೆರಳನ್ನು ಅದು ಒಪ್ಪುತ್ತಿರಲಿಲ್ಲ. ಸೆರಗಿಗೆ ಉಜ್ಜಿ ಉಜ್ಜಿ ಒತ್ತುತ್ತಿದ್ದಳು. ಖಾಯಂ ಆಗುತ್ತದಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಕನ್ನಡ ಬರುತ್ತದೆಯೇ ಎಂಬ ವಿಚಾರಣೆ ಶುರು. ನಲವತ್ತು ವರ್ಷ ಇದೇ ಬೀದಿ ಗುಡಿಸಿದವಳು ‘ಕನ್ನಡ ಬತ್ತದೆ ಸಾರ್’ ಎಂದು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಳು. ವಯಸ್ಸು ಮೀರಿತ್ತು, ಪಟ್ಟಿಗೆ ಹೆಸರು ಸೇರಲಿಲ್ಲ.

ನಾನು ನಿವೃತ್ತನಾದದ್ದು 2018ರಲ್ಲಿ. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಒಟ್ಟಿಗೆ ನೇಮಕಾತಿ ಪತ್ರ ಸಿಕ್ಕಿತು. ಆ ವಾರವೇ ಮಹಡಿಯ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಮೊಮ್ಮಗನಿಗೆ ಡಿಗ್ರಿ ಆಗಿದೆಯಂತೆ, ಕೆಲಸ ಇಲ್ಲವಂತೆ.

‘ಮುಂದಿನ ಲಿಸ್ಟ್ ಯಾವಾಗ ಅಂತ ವಿಚಾರಿಸ್ತೀರಾ? ಆರ್ಡರ್ ಪೌರಕಾರ್ಮಿಕ ಅಂತಲೇ ಬರಲಿ ಬಿಡಿ. ಗುಡಿಸೋಕೆ ಕಳಿಸದೆ ಆಫೀಸಿನಲ್ಲೇ ಕೂರಿಸಿಕೊಳ್ತಾರಲ್ವಾ?’