ಮಧ್ಯೆ ಎಲ್ಲೂ ಇಳಿಯದ ದಾರಿ

ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬೆರಳು ಎಳೆದರೆ ಅದು ಪಶ್ಚಿಮಕ್ಕೆ ಹೋಗುತ್ತದೆ, ಇಲ್ಲವೇ ಪೂರ್ವಕ್ಕೆ. ಗ್ಲೋಬಿನ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಉತ್ತರಕ್ಕೆ ಏರಿ, ಧ್ರುವದ ಹತ್ತಿರ ಹಾದು, ಆಚೆ ಬದಿಗೆ ಇಳಿಯುತ್ತದೆ. ಒಂದು ಊರು 77 ಡಿಗ್ರಿ ಪೂರ್ವ ರೇಖಾಂಶದ ಆಚೀಚೆ, ಇನ್ನೊಂದು 122 ಡಿಗ್ರಿ ಪಶ್ಚಿಮದಲ್ಲಿ. ಹೆಚ್ಚೂಕಮ್ಮಿ ಭೂಮಿಯ ಎದುರುಬದುರು. ದಾರದ ಉದ್ದ ಸುಮಾರು 14,000 ಕಿ.ಮೀ. ಅಮೆರಿಕಕ್ಕೆ ಹತ್ತಿರದ ದಾರಿ ಇರುವುದು ನಮ್ಮ ಉತ್ತರದಲ್ಲಿ ಎಂಬುದು ನನಗೆ ಇವತ್ತಿಗೂ ಬೆರಗು.

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಅಲ್ಲಿಂದ ಇಲ್ಲಿಗೆ ಧ್ರುವದ ಮೇಲಿಂದಲೇ ಬಂತು. ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳು. 9ರ ರಾತ್ರಿ ಹೊರಟವರು ನಮ್ಮ ದೇವನಹಳ್ಳಿಯಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಹಾರಿದ್ದು ಸುಮಾರು 17 ತಾಸು. ಉಳಿದದ್ದನ್ನು ನುಂಗಿದ್ದು ಎರಡು ಊರುಗಳ ಗಡಿಯಾರದ ನಡುವಿನ ಹದಿಮೂರೂವರೆ ತಾಸಿನ ಅಂತರ. ಇಲ್ಲಿಂದ ಅಲ್ಲಿಗೆ ಹೋದರೆ ಆ ಸಾಲ ವಾಪಸ್ಸು: ಮಧ್ಯಾಹ್ನ ಹೊರಟವರು ಅದೇ ತಾರೀಖಿನ ಸಂಜೆ ತಲುಪಬಹುದು. ಧ್ರುವದ ದಾರಿ ಸಲೀಸಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಇಂಧನ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗಬಹುದು. ಅದಕ್ಕೇ ಪೈಲಟ್‌ಗಳು ಅದರ ಉಷ್ಣಾಂಶದ ಮೇಲೆ ಸದಾ ಕಣ್ಣಿಟ್ಟಿರಬೇಕು.

ಆದರೆ ಬಾಣಂತನಕ್ಕೆ ಹೊರಟ ತಾಯಂದಿರಿಗೆ ಇದಾವುದೂ ಚಿಂತೆಯಲ್ಲ. ಅವರು ಅಂಜುವುದು 14,000 ಕಿಲೋಮೀಟರಿಗಲ್ಲ, ನಡುವೆ ವಿಮಾನ ಬದಲಿಸಬೇಕಾದ ಆ ಒಂದು ಊರಿಗೆ. ಚಟ್ನಿಪುಡಿ, ಸಾರಿನಪುಡಿ, ಬಾಣಂತಿಗೆಂದು ಕಟ್ಟಿದ ಅಂಟಿನುಂಡೆ ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ, ತೂಕ 23 ಕೆ.ಜಿ. ದಾಟಿತೇ ಎಂದು ಮತ್ತೆ ಮತ್ತೆ ತೂಗಿ, ಗುರುತಿಗೆ ಕೆಂಪು ರಿಬ್ಬನ್ ಕಟ್ಟುವವರೆಗೂ ಅವರ ಕೈಗೆ ಭರವಸೆಯಿದೆ. ಫ್ರಾಂಕ್‌ಫರ್ಟಿನಲ್ಲೋ ದುಬೈಯಲ್ಲೋ ಇಳಿದ ಮೇಲೆ ಚಪ್ಪಲಿ ಬಿಚ್ಚು, ಬಳೆ ತೋರಿಸು, ಆ ಗೇಟಲ್ಲ ಈ ಗೇಟು. ಇಂಗ್ಲಿಷ್ ಬಾರದ ತಾಯಿಯ ಕೈಗೆ ಮಕ್ಕಳು ಒಂದು ಚೀಟಿ ಕೊಟ್ಟಿರುತ್ತಾರೆ: ದಯವಿಟ್ಟು ಇವರನ್ನು ಇಂಥ ಗೇಟಿಗೆ ತಲುಪಿಸಿ ಎಂದು. ಎಷ್ಟೋ ಜನ ನಡೆಯಬಲ್ಲವರೂ ಗಾಲಿಕುರ್ಚಿ ಕೇಳುತ್ತಾರೆ. ತಳ್ಳುವವರು ದಾರಿ ಬಲ್ಲರು, ಅಷ್ಟೇ. ಇದನ್ನು ಸೌಲಭ್ಯದ ದುರುಪಯೋಗ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ದಾರಿ ಗೊತ್ತಿಲ್ಲದಿರುವುದೂ ಕಾಲು ಸೋತಷ್ಟೇ ನಿಜವಾದ ಕಷ್ಟ.

ಹಾಗಾಗಿ ನೇರ ವಿಮಾನ ಉಳಿಸಿಕೊಡುವುದು ಬರೀ ನಾಲ್ಕಾರು ತಾಸನ್ನಲ್ಲ. ಇಲ್ಲಿ ಹತ್ತಿಸಿದರೆ ಅಲ್ಲಿ ಇಳಿಸಿಕೊಳ್ಳಲು ಮಗಳಿದ್ದಾಳೆ ಎಂದಾದಾಗ ಹಾಸನದ ಅಜ್ಜಿಗೂ ಕ್ಯಾಲಿಫೋರ್ನಿಯ ಹೋಗಿಬರಬಹುದಾದ ಊರಾಗುತ್ತದೆ. ನಿಜ, ಇಷ್ಟು ದೂರ ಹಾರಲು ಬೇಕಾದ ಇಂಧನವನ್ನು ಹೊರುವುದಕ್ಕೇ ಮತ್ತಷ್ಟು ಇಂಧನ ಸುಡಬೇಕು. ಈ ಸೇವೆ ಶುರುವಾಗಿ, ನಿಂತು, ಮತ್ತೆ ಶುರುವಾದದ್ದೂ ಉಂಟು. ಕಂಪನಿಗಳ ಲೆಕ್ಕ ಕಂಪನಿಗಳಿಗೆ. ಆದರೆ ನಿಲ್ಲಿಸುವ ಮಾತು ಬಂದಾಗ ಸೀಟು, ಟಿಕೆಟ್ಟುಗಳ ಜೊತೆಗೆ ಒಬ್ಬರೇ ಹೋಗಲು ಧೈರ್ಯ ಸಾಲದೆ ಮೊಮ್ಮಗುವನ್ನು ಫೋನಿನಲ್ಲೇ ನೋಡಬೇಕಾದವರನ್ನೂ ಅವರು ಎಣಿಸಲಿ.